ನಾಲ್ಕು ವರ್ಷ ಕಂತು ಕಟ್ಟಿದರೂ ಹಿಂದಕ್ಕೇ ಸರಿದ ಗೃಹಸಾಲ

ಬೆಂಗಳೂರು: 2025ರ ಆರಂಭದಲ್ಲಿ ರಾಜ್ಯದಲ್ಲಿ ಸಾಲದ ಬಗ್ಗೆ ನಡೆದ ಚರ್ಚೆಯೆಲ್ಲ ಮೈಕ್ರೋಫೈನಾನ್ಸ್ ಸಂಸ್ಥೆಗಳ ಸುತ್ತಲೇ ಇತ್ತು. ವಸೂಲಿಗಾರರ ಕಿರುಕುಳ, ಊರು ತೊರೆದ ಕುಟುಂಬಗಳು, ಜಿಲ್ಲೆ ಜಿಲ್ಲೆಗಳಿಂದ ಬಂದ ಆತ್ಮಹತ್ಯೆಯ ವರದಿಗಳು ಸರ್ಕಾರದ ನಿದ್ದೆಗೆಡಿಸಿದವು. ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಟಿತು. ರಾಜ್ಯಪಾಲರು ಅದನ್ನು ಒಮ್ಮೆ ಹಿಂದಿರುಗಿಸಿ, ಬಳಿಕ ಅಂಕಿತ ಹಾಕಿದರು. ಆ ಗದ್ದಲ ಆಗಬೇಕಾದದ್ದೇ ಆಗಿತ್ತು.

ಅದೇ ತಿಂಗಳಲ್ಲಿ ಇನ್ನೊಂದು ಸುದ್ದಿ ಬಂದಿತ್ತು. ಸುಮಾರು ಐದು ವರ್ಷಗಳ ನಂತರ ಮೊದಲ ಬಾರಿಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಇಳಿಸಿತು. 'ಗೃಹಸಾಲಗಾರರಿಗೆ ಸಿಹಿಸುದ್ದಿ' ಎಂಬ ಶೀರ್ಷಿಕೆಯನ್ನು ಎಲ್ಲ ಪತ್ರಿಕೆಗಳೂ ಕೊಟ್ಟವು, ನಾವೂ ಕೊಟ್ಟೆವು. ಆದರೆ 2020 ಮತ್ತು 2022ರ ನಡುವೆ ಅಗ್ಗದ ಬಡ್ಡಿಗೆ ಮನೆ ಕೊಂಡವರ ಪಾಲಿಗೆ ಆ ಸಿಹಿ ಎಷ್ಟರಮಟ್ಟಿನದು ಎಂಬುದನ್ನು ಯಾರೂ ಲೆಕ್ಕ ಹಾಕಿ ತೋರಿಸಲಿಲ್ಲ. ಲೆಕ್ಕ ಹಾಕಿದರೆ ದೊರೆಯುವ ಉತ್ತರ ಅಷ್ಟು ಹಿತಕರವಲ್ಲ.

ಮೊದಲು ದರದ ಕಥೆ. ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ರೆಪೊ ದರ ಶೇ. 4ಕ್ಕೆ ಇಳಿದಿತ್ತು. ಬ್ಯಾಂಕುಗಳು ಶೇ. 7ಕ್ಕಿಂತ ಕಡಿಮೆ ಬಡ್ಡಿಗೆ ಗೃಹಸಾಲ ಕೊಡಲಾರಂಭಿಸಿದ್ದು ಆಗಲೇ. ಹಣದುಬ್ಬರ ಏರುತ್ತಿದ್ದಂತೆ 2022ರ ಮೇ 4ರಂದು ನಿಗದಿತ ಸಭೆಗೂ ಮೊದಲೇ ಸೇರಿದ ಹಣಕಾಸು ನೀತಿ ಸಮಿತಿ ದರ ಏರಿಕೆಗೆ ಚಾಲನೆ ನೀಡಿತು. 2023ರ ಫೆಬ್ರುವರಿಯೊಳಗೆ ಆರು ಬಾರಿ ಏರಿ ರೆಪೊ ದರ ಶೇ. 6.50ಕ್ಕೆ ಮುಟ್ಟಿತು. ಹತ್ತು ತಿಂಗಳೊಳಗೆ ಎರಡೂವರೆ ಶೇಕಡಾಂಶದ ಏರಿಕೆ. ಮುಂದಿನ ಎರಡು ವರ್ಷ ಅದು ಅಲ್ಲಿಯೇ ನಿಂತಿತ್ತು. 2025ರ ಫೆಬ್ರುವರಿ, ಏಪ್ರಿಲ್, ಜೂನ್ ಮತ್ತು ಡಿಸೆಂಬರ್‌ಗಳಲ್ಲಿ ಇಳಿದು ಶೇ. 5.25ಕ್ಕೆ ಬಂತು. ಅಂದರೆ ಏರಿದ್ದು ಎರಡೂವರೆ, ಇಳಿದದ್ದು ಒಂದೂಕಾಲು. ಇಳಿಕೆಯ ಸಂಭ್ರಮದಲ್ಲಿ ಈ ಅರ್ಧ ಮರೆತುಹೋಗಿದೆ.

ಒಂದು ಲೆಕ್ಕ

38 ವರ್ಷದ ನೌಕರನೊಬ್ಬ 2021ರ ಆರಂಭದಲ್ಲಿ 40 ಲಕ್ಷ ರೂಪಾಯಿ ಗೃಹಸಾಲ ಪಡೆದನೆಂದು ಭಾವಿಸೋಣ. ಬಡ್ಡಿ ಶೇ. 6.75, ಅವಧಿ 20 ವರ್ಷ, ಮಾಸಿಕ ಕಂತು 30,414 ರೂಪಾಯಿ. 58ನೇ ವಯಸ್ಸಿಗೆ ಸಾಲ ತೀರಬೇಕು, ನಿವೃತ್ತಿಗೆ ಎರಡು ವರ್ಷ ಮೊದಲು. ಲೆಕ್ಕಾಚಾರ ಚೆನ್ನಾಗಿಯೇ ಇತ್ತು.

ಎರಡು ವರ್ಷಗಳ ಬಳಿಕ ಅಸಲು ಸುಮಾರು 37 ಲಕ್ಷ 97 ಸಾವಿರಕ್ಕೆ ಇಳಿದಿರುತ್ತದೆ. ಆ ಹೊತ್ತಿಗೆ ಬಡ್ಡಿ ಶೇ. 9.25 ಆಯಿತು. (ನಿಜದಲ್ಲಿ ಏರಿಕೆ ಹಂತಹಂತವಾಗಿ ಬಂತು. ಸರಳವಾಗಲೆಂದು ಒಂದೇ ಬಾರಿಗೆ ಬಂದಂತೆ ಲೆಕ್ಕ ಹಾಕಲಾಗಿದೆ.) ಹೊಸ ದರದಲ್ಲಿ ಒಂದು ತಿಂಗಳ ಬಡ್ಡಿಯೇ 29,270 ರೂಪಾಯಿ. ಕಂತು ಮೊದಲಿನಂತೆ 30,414 ರೂಪಾಯಿಯೇ ಉಳಿದರೆ ಅಸಲಿಗೆ ಜಮೆಯಾಗುವುದು 1,144 ರೂಪಾಯಿ ಮಾತ್ರ. ಮನೆಯ ವಿದ್ಯುತ್ ಬಿಲ್ಲಿನಷ್ಟು. ಈ ವೇಗದಲ್ಲಿ ಸಾಲ ತೀರಲು ಇನ್ನೂ 427 ತಿಂಗಳು ಬೇಕು, ಅಂದರೆ 35 ವರ್ಷಕ್ಕೂ ಹೆಚ್ಚು. ಉಳಿದಿರಬೇಕಾದದ್ದು 216 ತಿಂಗಳು.

ಬಹುತೇಕ ಬ್ಯಾಂಕುಗಳು ಇಷ್ಟು ದೂರದವರೆಗೆ ಅವಧಿ ವಿಸ್ತರಿಸುವುದಿಲ್ಲ ಎಂಬುದು ನಿಜ. ಸಾಲಗಾರನ ವಯಸ್ಸಿಗೋ ಒಟ್ಟು 30 ವರ್ಷಕ್ಕೋ ಮಿತಿ ಹಾಕಿಕೊಂಡಿರುತ್ತವೆ. ಆ ಮಿತಿ ಮುಟ್ಟಿದ ಮೇಲೆ ಕಂತನ್ನು ಏರಿಸುತ್ತವೆ. ಆದರೆ ಮಿತಿ ಮುಟ್ಟುವವರೆಗೆ ಸದ್ದಿಲ್ಲದೆ ಅವಧಿ ಬೆಳೆಯುತ್ತಲೇ ಹೋಗುತ್ತದೆ. ಖಾತೆಯಿಂದ ಕಡಿತವಾಗುವ ಮೊತ್ತ ಬದಲಾಗದ ಕಾರಣ ಸಾಲಗಾರನಿಗೆ ಏನೂ ಆಗಿಲ್ಲವೆಂದೇ ಭಾಸವಾಗುತ್ತದೆ.

ಹಾಗೆಯೇ ಮತ್ತೆ ಎರಡು ವರ್ಷ ಕಳೆದವು ಎನ್ನಿ. ಈ ಎರಡು ವರ್ಷಗಳಲ್ಲಿ ಆತ ಕಟ್ಟಿದ್ದು ಸುಮಾರು 7 ಲಕ್ಷ 30 ಸಾವಿರ. ಅಸಲು ಕರಗಿದ್ದು 30 ಸಾವಿರ. ಈಗ 2025ರ ಇಳಿಕೆ ಪೂರ್ತಿಯಾಗಿ ಕೈಸೇರಿ ಬಡ್ಡಿ ಶೇ. 8ಕ್ಕೆ ಬಂತೆಂದರೂ, ಅದೇ ಕಂತಿನಲ್ಲಿ ಸಾಲ ತೀರಲು 263 ತಿಂಗಳು ಬೇಕು. ಸಾಲ ಪಡೆದ ಮೊದಲ ದಿನ ಉಳಿದಿದ್ದದ್ದು 240 ತಿಂಗಳು. ನಾಲ್ಕು ವರ್ಷ, ಒಂದು ಕಂತೂ ತಪ್ಪಿಸದೆ, 14 ಲಕ್ಷ 60 ಸಾವಿರ ರೂಪಾಯಿ ಕಟ್ಟಿದ ಬಳಿಕ ಆತ ಹೊರಟ ಜಾಗಕ್ಕಿಂತ ಹಿಂದೆ ನಿಂತಿದ್ದಾನೆ. 58ಕ್ಕೆ ತೀರಬೇಕಿದ್ದ ಸಾಲ ಈಗ 64ಕ್ಕೆ ತೀರುತ್ತದೆ. ರಾಜ್ಯ ಸರ್ಕಾರಿ ನೌಕರನಾದರೆ 60ಕ್ಕೆ ನಿವೃತ್ತಿ. ಉಳಿದ ನಾಲ್ಕು ವರ್ಷದ ಕಂತು ಪಿಂಚಣಿಯಿಂದಲೋ, ಉಪದಾನದ ಹಣದಿಂದಲೋ, ಮಕ್ಕಳ ಸಂಬಳದಿಂದಲೋ ಹೋಗಬೇಕು.

ಇದೇ ನೌಕರನ ಪಕ್ಕದ ಮನೆಯಾತ ಅಷ್ಟೇ ಸಾಲ ಪಡೆದು, 2023ರಲ್ಲಿ ಬ್ಯಾಂಕಿಗೆ ಹೋಗಿ ಕಂತನ್ನು 36,154 ರೂಪಾಯಿಗೆ ಏರಿಸಿಕೊಂಡಿದ್ದನೆಂದು ಇಟ್ಟುಕೊಳ್ಳಿ. ತಿಂಗಳಿಗೆ 5,740 ರೂಪಾಯಿ ಹೆಚ್ಚು. ಬಡ್ಡಿ ಇಳಿದ ಮೇಲೂ ಅದೇ ಕಂತನ್ನು ಮುಂದುವರಿಸಿದರೆ ಅವನಿಗೆ ಉಳಿಯುವುದು 165 ತಿಂಗಳು. 56ನೇ ವಯಸ್ಸು ದಾಟುವ ಮೊದಲೇ ಋಣಮುಕ್ತ. ಇಬ್ಬರ ಒಟ್ಟು ಪಾವತಿಯಲ್ಲಿ 18 ಲಕ್ಷ ರೂಪಾಯಿಗೂ ಹೆಚ್ಚಿನ ವ್ಯತ್ಯಾಸ. ಒಂದೇ ಬ್ಯಾಂಕು, ಒಂದೇ ದರ, ಒಂದೇ ಬೀದಿ.

ನಿಯಮ ಇದೆ, ತಿಳಿದವರು ಕಡಿಮೆ

ಇದು ಮೊದಲ ಬಾರಿಯೂ ಅಲ್ಲ. 2003–04ರ ಅಗ್ಗದ ಬಡ್ಡಿಗೆ ಮನೆ ಕೊಂಡವರು 2008ರ ವೇಳೆಗೆ ಇದೇ ಅನುಭವ ಪಡೆದಿದ್ದರು. ಆ ವರ್ಷ ರೆಪೊ ದರ ಶೇ. 9ಕ್ಕೆ ಏರಿತ್ತು. ಮರುವರ್ಷ 'ಮೊದಲ ವರ್ಷ ಶೇ. 8 ಮಾತ್ರ' ಎಂಬ ಆಮಿಷದ ಸಾಲಗಳು ಬಂದವು. ನಂತರದ ವರ್ಷಗಳಲ್ಲಿ ಕಂತು ಎಲ್ಲಿಗೆ ಏರುತ್ತದೆ ಎಂಬುದು ಜಾಹೀರಾತಿನ ತಳದ ಸಣ್ಣ ಅಕ್ಷರಗಳಲ್ಲಿತ್ತು. 2010ರ ಕೊನೆಯಲ್ಲಿ ರಿಸರ್ವ್ ಬ್ಯಾಂಕ್ ಇಂಥ ಸಾಲಗಳಿಗೆ ಹೆಚ್ಚಿನ ಮೀಸಲು ತೆಗೆದಿಡಬೇಕೆಂದು ಆದೇಶಿಸಿದ ಮೇಲೆ ಅವುಗಳ ಭರಾಟೆ ತಗ್ಗಿತು.

ಈ ಬಾರಿ ರಿಸರ್ವ್ ಬ್ಯಾಂಕ್ ತಡವಾಗಿಯಾದರೂ ಸಮಸ್ಯೆಯನ್ನು ಗುರುತಿಸಿತು. ಸಾಲಗಾರರಿಗೆ ಸರಿಯಾಗಿ ತಿಳಿಸದೆ, ಒಪ್ಪಿಗೆ ಪಡೆಯದೆ ಅವಧಿಯನ್ನು ವಿಪರೀತವಾಗಿ ಹಿಗ್ಗಿಸಿದ ಪ್ರಸಂಗಗಳು ತಪಾಸಣೆಯಲ್ಲಿ ಕಂಡುಬಂದಿವೆ ಎಂದು 2023ರ ಆಗಸ್ಟ್‌ನಲ್ಲಿ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಅವರೇ ಪ್ರಸ್ತಾಪಿಸಿದರು. ಅದೇ ತಿಂಗಳ 18ರಂದು ಹೊರಟ ಸುತ್ತೋಲೆ, ದರ ಬದಲಾದಾಗ ಕಂತು ಏರಿಸಬೇಕೇ, ಅವಧಿ ವಿಸ್ತರಿಸಬೇಕೇ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಬೇಕೇ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕೆಂದು ಹೇಳಿತು. ಪ್ರತಿ ಮೂರು ತಿಂಗಳಿಗೊಮ್ಮೆ ಇದುವರೆಗೆ ಸಂದ ಅಸಲು, ಬಡ್ಡಿ, ಕಂತಿನ ಮೊತ್ತ, ಉಳಿದ ಕಂತುಗಳ ಸಂಖ್ಯೆ ಮತ್ತು ವಾರ್ಷಿಕ ದರವನ್ನು ಒಳಗೊಂಡ ವಿವರಪಟ್ಟಿ ಒದಗಿಸಬೇಕೆಂದೂ ವಿಧಿಸಿತು. ಕಂತು ಬಡ್ಡಿಗೂ ಸಾಲದೆ ಅಸಲು ಬೆಳೆಯುವ ಸ್ಥಿತಿ ಉಂಟಾಗಕೂಡದು ಎಂದೂ ಎಚ್ಚರಿಸಿತು. ಹಳೆಯ ಸಾಲಗಳಿಗೂ ಅನ್ವಯಿಸುವಂತೆ ಇದನ್ನು ಜಾರಿಗೊಳಿಸಲು ಆ ವರ್ಷದ ಡಿಸೆಂಬರ್ 31ರ ಗಡುವು ಇತ್ತು.

ಸ್ಥಿರ ಬಡ್ಡಿಗೆ ಬದಲಾಗುವ ಅವಕಾಶವನ್ನೂ ಕೊಡಬೇಕೆಂದು ಅದೇ ಸುತ್ತೋಲೆಯಲ್ಲಿತ್ತು. 2025ರ ಅಕ್ಟೋಬರ್‌ನಿಂದ ಅದನ್ನು ಬ್ಯಾಂಕುಗಳ ವಿವೇಚನೆಗೆ ಬಿಡಲಾಗಿದೆ. ಕೊಟ್ಟದ್ದನ್ನು ಅರ್ಧ ಹಿಂದಕ್ಕೆ ಪಡೆದಂತಾಯಿತು. ಇದರ ಬಗ್ಗೆ ಹೆಚ್ಚು ಚರ್ಚೆಯಾಗಲಿಲ್ಲ ಎಂಬುದು ಈ ವರದಿಗಾರನ ತಕರಾರು.

ಇದೇ ಸಂದರ್ಭದಲ್ಲಿ ಸ್ವಂತ ಅನುಭವವೊಂದನ್ನು ಹೇಳಬಹುದು. 2021ರಲ್ಲಿ ಸಾಲ ಮಾಡಿ ಮನೆ ಕೊಂಡವರಲ್ಲಿ ಇದನ್ನು ಬರೆಯುತ್ತಿರುವವನೂ ಒಬ್ಬ. ದರ ಏರುತ್ತಿದ್ದ ದಿನಗಳಲ್ಲಿ ಮೊಬೈಲಿಗೆ ಇಂಗ್ಲಿಷಿನಲ್ಲಿ ಒಂದು ಸಾಲಿನ ಸಂದೇಶ ಬರುತ್ತಿತ್ತು. 'ನಿಮ್ಮ ಬಡ್ಡಿದರ ಪರಿಷ್ಕರಿಸಲಾಗಿದೆ' ಎಂಬುದಷ್ಟೇ ಅದರ ಅರ್ಥ. ಉಳಿದ ಕಂತುಗಳೆಷ್ಟು ಎಂದು ಕೇಳಲು ಶಾಖೆಗೆ ಹೋದಾಗ ಅಧಿಕಾರಿ ನಗುತ್ತ, "ಕಂತು ಜಾಸ್ತಿ ಮಾಡಿಲ್ಲವಲ್ಲ ಸರ್, ನೆಮ್ಮದಿಯಾಗಿರಿ" ಎಂದರು. ಆ ನೆಮ್ಮದಿಯ ಬೆಲೆ ತಿಳಿಯಲು ಇನ್ನೂ ಒಂದು ವರ್ಷ ಬೇಕಾಯಿತು. ಹಣಕಾಸು ಸುದ್ದಿಯನ್ನು ವಾರಕ್ಕೆರಡು ಬಾರಿ ಬರೆಯುವವನ ಗತಿಯೇ ಹೀಗಾದರೆ ಉಳಿದವರನ್ನು ಕೇಳುವುದೇನು? ಕೊನೆಗೆ ಕಂತು ಏರಿಸಲು ಬೇಕಾದದ್ದು ಒಂದು ಪುಟದ ಕೋರಿಕೆ ಪತ್ರ ಮತ್ತು ಒಂದು ಸಹಿ ಮಾತ್ರ.

ಮೇಲಿನ ಉದಾಹರಣೆಯ ನೌಕರನಿಗೂ ದಾರಿ ಮುಚ್ಚಿಲ್ಲ. ಶೇ. 8ರ ದರದಲ್ಲಿ ಆತ ಕಂತನ್ನು ಎರಡೇ ಸಾವಿರ ಏರಿಸಿದರೂ 263 ತಿಂಗಳು 224ಕ್ಕೆ ಇಳಿಯುತ್ತದೆ. ಒಮ್ಮೆಲೇ 2 ಲಕ್ಷ ಅಸಲಿಗೆ ಕಟ್ಟಿದರೆ 229ಕ್ಕೆ ಇಳಿಯುತ್ತದೆ. ವೈಯಕ್ತಿಕ ಗೃಹಸಾಲವು ಏರಿಳಿಯುವ ಬಡ್ಡಿಯದಾಗಿದ್ದರೆ ಅವಧಿಗೆ ಮುನ್ನ ಮರುಪಾವತಿಗೆ ದಂಡ ವಿಧಿಸುವಂತಿಲ್ಲ. ಬ್ಯಾಂಕುಗಳಿಗೆ ಈ ನಿಷೇಧ 2012ರಿಂದಲೇ ಇದೆ. ತಪ್ಪು ಮಾಡುವವರು ಹೆಚ್ಚಾಗಿ ಇಲ್ಲಿಯೇ ಮಾಡುತ್ತಾರೆ: ದರ ಇಳಿದ ಕೂಡಲೇ ಕಂತು ಇಳಿಸಿಕೊಡಿ ಎಂದು ಕೇಳುತ್ತಾರೆ. ಸಂಸಾರ ನಿಜವಾಗಿ ಬಿಗಿಯಾಗಿದ್ದರೆ ಕೇಳಲಿ. ಇಲ್ಲವಾದರೆ ಕಂತು ಹಾಗೆಯೇ ಇದ್ದು ಅವಧಿ ಕುಗ್ಗಲಿ.

ಇನ್ನೊಂದು ವಿಷಯ ಸಾಲ ಕೊಟ್ಟವರು ಯಾರು ಎಂಬುದು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಕೊಡುವ ಹೊಸ ಏರಿಳಿಯುವ ಗೃಹಸಾಲಗಳು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಬೇಕು. ಕನಿಷ್ಠ ಮೂರು ತಿಂಗಳಿಗೊಮ್ಮೆ ದರ ಪರಿಷ್ಕರಣೆಯಾಗಬೇಕು. ಗೃಹಹಣಕಾಸು ಕಂಪನಿಗಳಿಗೆ ಈ ನಿಯಮವಿಲ್ಲ. ಅವು ತಮ್ಮದೇ ಆಧಾರ ದರ ಇಟ್ಟುಕೊಂಡಿರುತ್ತವೆ. ರೆಪೊ ಇಳಿದಾಗ ಅದು ಎಷ್ಟು, ಯಾವಾಗ ಇಳಿಯಬೇಕೆಂಬುದು ಅವುಗಳ ನಿರ್ಧಾರ. ಬ್ಯಾಂಕಿನಲ್ಲಿಯೇ 2019ಕ್ಕಿಂತ ಹಿಂದೆ ಸಾಲ ಪಡೆದವರೂ ಹಳೆಯ ಪದ್ಧತಿಯಲ್ಲಿಯೇ ಉಳಿದಿರಬಹುದು. ಅವರು ಬದಲಾವಣೆ ಕೇಳಬಹುದು. ತಗಲುವುದು ಆಡಳಿತಾತ್ಮಕ ವೆಚ್ಚ ಮಾತ್ರ.

ಬ್ಯಾಂಕಿಗೆ ಕಾಣದ ಸಾಲ

ಗೃಹಸಾಲ ಒಂದೇ ಇದ್ದಿದ್ದರೆ ಸಂಬಳದಾರ ಹೇಗೋ ಸರಿದೂಗಿಸುತ್ತಿದ್ದ. ತೊಂದರೆ ಶುರುವಾಗುವುದು ಮನೆ ಕೊಳ್ಳುವ ಮೊದಲ ದಿನವೇ. 50 ಲಕ್ಷದ ಫ್ಲ್ಯಾಟಿಗೆ ನಿಯಮದ ಪ್ರಕಾರ ಸಿಗುವ ಗರಿಷ್ಠ ಸಾಲ ಶೇ. 80, ಅಂದರೆ 40 ಲಕ್ಷ. ಉಳಿದ 10 ಲಕ್ಷ ಕೈಯಿಂದ. ಅದರ ಮೇಲೆ ಮುದ್ರಾಂಕ ಶುಲ್ಕ, ಅದರ ಸೆಸ್ ಮತ್ತು ಸರ್ಚಾರ್ಜ್, ನೋಂದಣಿ ಶುಲ್ಕ. ರಾಜ್ಯ ಸರ್ಕಾರ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವನ್ನು ಶೇ. 1ರಿಂದ 2ಕ್ಕೆ ಏರಿಸಿದ ಬಳಿಕ ನಗರದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಇವೆಲ್ಲ ಸೇರಿ ಶೇ. 7.6 ಆಗುತ್ತದೆ. 50 ಲಕ್ಷಕ್ಕೆ 3 ಲಕ್ಷ 80 ಸಾವಿರ. ಇದಕ್ಕೆ ಬ್ಯಾಂಕು ಸಾಲ ಲೆಕ್ಕ ಹಾಕುವುದಿಲ್ಲ. ಮರಗೆಲಸ, ಫ್ಯಾನು, ಗೃಹಪ್ರವೇಶದ ಊಟ ಇನ್ನೂ ಬಾಕಿ.

ಹೀಗೆ ಬೇಕಾಗುವ ಸುಮಾರು 14 ಲಕ್ಷ ಎಲ್ಲಿಂದ ಬರುತ್ತದೆ? ಭವಿಷ್ಯನಿಧಿಯಿಂದ ಸ್ವಲ್ಪ, ಅವಧಿಗೆ ಮುಂಚೆ ಎತ್ತಿದ ಚೀಟಿಯಿಂದ ಸ್ವಲ್ಪ, ಹೆಂಡತಿಯ ಒಡವೆ ಅಡವಿಟ್ಟು ಸ್ವಲ್ಪ, ಊರಲ್ಲಿರುವ ಭಾವನಿಂದ ಸ್ವಲ್ಪ, ಕೊನೆಗೆ ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ಮಂಜೂರಾಗುವ ವೈಯಕ್ತಿಕ ಸಾಲ. ಗೃಹಸಾಲದ ಅರ್ಜಿಯಲ್ಲಿ ಇವುಗಳ ಪೈಕಿ ಅರ್ಧಕ್ಕರ್ಧ ಕಾಣುವುದೇ ಇಲ್ಲ. ರಿಸರ್ವ್ ಬ್ಯಾಂಕಿನ 2025ರ ಜೂನ್‌ನ ಹಣಕಾಸು ಸ್ಥಿರತಾ ವರದಿಯ ಪ್ರಕಾರ ದೇಶದ ಕುಟುಂಬಗಳ ಒಟ್ಟು ಸಾಲ ಜಿಡಿಪಿಯ ಶೇ. 42ರ ಸಮೀಪಕ್ಕೆ ಬಂದಿತ್ತು. ಅದರಲ್ಲಿ ಗೃಹಸಾಲಕ್ಕಿಂತ ವೈಯಕ್ತಿಕ ಸಾಲ, ಕ್ರೆಡಿಟ್ ಕಾರ್ಡ್, ವಾಹನ, ಚಿನ್ನ ಮುಂತಾದ ಇತರ ಸಾಲಗಳ ಪಾಲೇ ಹೆಚ್ಚು. 2022–23ರಲ್ಲಿ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ ಜಿಡಿಪಿಯ ಸುಮಾರು ಶೇ. 5ಕ್ಕೆ ಕುಸಿದು ದಶಕಗಳ ಕನಿಷ್ಠ ಮಟ್ಟ ಮುಟ್ಟಿದ್ದನ್ನು ಇದರ ಜೊತೆಗಿಟ್ಟು ನೋಡಬೇಕು. ದುಬಾರಿ ಬಡ್ಡಿಯ ಈ ಸಣ್ಣ ಸಾಲಗಳನ್ನು ಮೊದಲು ತೀರಿಸದೆ ಗೃಹಸಾಲದ ಅಸಲಿಗೆ ಹಣ ಹಾಕುವುದು ಬುದ್ಧಿವಂತಿಕೆಯಲ್ಲ. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೇ ಶೇ. 3ರ ಆಸುಪಾಸಿನ ಬಡ್ಡಿ ಬೀಳುತ್ತದೆ.

'ಸಾಲ ಮಾಡಿದರೆ ತೆರಿಗೆ ಉಳಿಯುತ್ತದೆ' ಎಂಬ ಹಳೆಯ ಸಮಾಧಾನವೂ ಈಗ ಅಷ್ಟಾಗಿ ಉಳಿದಿಲ್ಲ. ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗಿನ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ಇಲ್ಲ. 2025ರ ಕೇಂದ್ರ ಬಜೆಟ್ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲದಂತೆ ಮಾಡಿದ ಮೇಲೆ, ಆ ಮಿತಿಯೊಳಗಿನ ಸಂಬಳದಾರನಿಗೆ ಉಳಿಸಲು ತೆರಿಗೆ ಎಲ್ಲಿದೆ?

ಬಾಡಿಗೆಯೋ ಭೋಗ್ಯವೋ

ಹಾಗಾದರೆ ಬಾಡಿಗೆಗಿರುವುದೇ ಲೇಸೇ? ಬರಿ ಅಂಕಿಗಳು ಬಾಡಿಗೆಯ ಪರವಾಗಿಯೇ ಇವೆ. 50 ಲಕ್ಷದ ಫ್ಲ್ಯಾಟು 15 ಸಾವಿರ ಬಾಡಿಗೆಗೆ ಸಿಗುವುದಾದರೆ ಮನೆಯ ಬೆಲೆಯ ಮೇಲೆ ವರ್ಷಕ್ಕೆ ಶೇ. 3.6 ಕೊಟ್ಟು ಅದರಲ್ಲಿ ವಾಸಿಸಿದಂತೆ. ಸಾಲದ ಬಡ್ಡಿ ಅದರ ಎರಡು ಪಟ್ಟಿಗೂ ಹೆಚ್ಚು. ಆದರೆ ಬಾಡಿಗೆ ಮನೆ ಹುಡುಕಿ ಅಲೆದವರಿಗೆ ಅಂಕಿಯಾಚೆಯದೂ ಗೊತ್ತು. ಜಾತಿ ಯಾವುದು, ಮಾಂಸ ತಿನ್ನುತ್ತೀರಾ, ಮನೆಗೆ ಎಷ್ಟು ಜನ ಬಂದು ಹೋಗುತ್ತಾರೆ ಎಂಬ ಪ್ರಶ್ನೆಗಳು. ಮಗುವಿನ ಶಾಲೆಯ ಪಕ್ಕದ ಮನೆಯನ್ನು ಹನ್ನೊಂದು ತಿಂಗಳಿಗೆ ಖಾಲಿ ಮಾಡಬೇಕಾದ ಪಾಡು. ಇವುಗಳಿಂದ ಬಿಡುಗಡೆ ಬೇಕೆಂದು ಮನೆ ಕೊಳ್ಳುವವನನ್ನು ಲೆಕ್ಕ ತಿಳಿಯದವನೆಂದು ಹೇಳುವುದು ಸರಿಯಲ್ಲ.

ನಡುವಿನ ದಾರಿಯೆಂದು ನಮ್ಮ ನಗರಗಳಲ್ಲಿ ಅನೇಕರು ಹಿಡಿಯುವುದು ಭೋಗ್ಯವನ್ನು. ಹತ್ತು ಹದಿನೈದು ಲಕ್ಷ ಇಡುಗಂಟು ಕೊಟ್ಟರೆ ಬಾಡಿಗೆಯಿಲ್ಲ, ಬಿಡುವಾಗ ಇಡುಗಂಟು ವಾಪಸ್. ಕೇಳಲು ಚೆನ್ನ. ಆದರೆ ಆ ಹಣದಿಂದ ಮಾಲೀಕ ಮೇಲಿನ ಮಹಡಿ ಕಟ್ಟಿರುತ್ತಾನೆ ಅಥವಾ ಹಳೆಯ ಸಾಲ ತೀರಿಸಿರುತ್ತಾನೆ. ವಾಪಸ್ ಬರುವುದು ಮುಂದಿನ ಭೋಗ್ಯದಾರ ಸಿಕ್ಕಾಗಲೇ. ಕಟ್ಟಡವೇ ಬ್ಯಾಂಕಿಗೆ ಅಡವಾಗಿದ್ದು ಮಾಲೀಕ ಕಂತು ನಿಲ್ಲಿಸಿದರೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಸ್ವಾಧೀನಕ್ಕೆ ಮುಂದಾಗುತ್ತದೆ. ಛಾಪಾ ಕಾಗದದ ಮೇಲೆ ಬರೆದುಕೊಂಡ, ನೋಂದಣಿಯಾಗದ ಕರಾರು ಆಗ ದುರ್ಬಲ ಆಸರೆ. ಹಣ ಕೊಡುವ ಮೊದಲು ಋಣಭಾರ ಪತ್ರವನ್ನು ನೋಡುವುದರ ಜೊತೆಗೆ, 2011ರಿಂದ ಇರುವ ಸೆರ್ಸಾಯ್ ಕೇಂದ್ರೀಯ ದಾಖಲೆಯಲ್ಲಿ ಆ ಆಸ್ತಿಯ ಮೇಲೆ ಅಡಮಾನವಿದೆಯೇ ಎಂದು ಯಾರು ಬೇಕಾದರೂ ಸಣ್ಣ ಶುಲ್ಕ ಕಟ್ಟಿ ಹುಡುಕಬಹುದು. ಹಕ್ಕುಪತ್ರಗಳನ್ನು ಸುಮ್ಮನೆ ಠೇವಣಿ ಇಟ್ಟು ಪಡೆದ ಸಾಲ ಋಣಭಾರ ಪತ್ರದಲ್ಲಿ ಕಾಣದೇ ಇರಬಹುದು ಎಂಬುದರಿಂದ ಈ ಎರಡನೆಯ ಹುಡುಕಾಟ ಮುಖ್ಯ. ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲು ಮಾಲೀಕ ಒಪ್ಪದಿದ್ದರೆ ಬೇರೆ ಮನೆ ನೋಡುವುದು ಕ್ಷೇಮ.

ಇನ್ನು ರೆವಿನ್ಯೂ ನಿವೇಶನ. ಭೂಪರಿವರ್ತನೆಯಾಗದ, ನಕ್ಷೆಗೆ ಅನುಮೋದನೆಯಿಲ್ಲದ ಬಡಾವಣೆಗಳಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡವರ ಕಥೆ ಬೇರೆ. ಅಕ್ರಮ–ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿದ ಮೇಲೆ ಅವರು ಕಾಯುತ್ತಲೇ ಇದ್ದರು. 2025ರಲ್ಲಿ ಸರ್ಕಾರ ಬೆಂಗಳೂರಿನಾಚೆಯ ನಗರ, ಪಟ್ಟಣಗಳ ಇಂಥ ಸ್ವತ್ತುಗಳಿಗೂ ಬಿ ಖಾತೆ ಕೊಡಲು ಮುಂದಾಯಿತು. ವರ್ಷದ ಕೊನೆಯಲ್ಲಿ ಬೆಂಗಳೂರಿನಲ್ಲಿ ಬಿ ಖಾತೆಯನ್ನು ಎ ಖಾತೆಗೆ ಪರಿವರ್ತಿಸುವ ಯೋಜನೆಯೂ ಬಂತು. ಖಾತೆ ಎಂಬುದು ತೆರಿಗೆ ವಸೂಲಿಯ ದಾಖಲೆ, ಮಾಲೀಕತ್ವದ ಪತ್ರವಲ್ಲ ಎಂಬುದನ್ನು ಮಾರುವವರು ಹೇಳುವುದಿಲ್ಲ. ಬಿ ಖಾತೆಯ ಆಸ್ತಿಗೆ ಬಹುತೇಕ ಸರ್ಕಾರಿ ಬ್ಯಾಂಕುಗಳು ಸಾಲ ಕೊಡದ ಕಾರಣ ಈ ವರ್ಗದವರು ಹೆಚ್ಚು ಬಡ್ಡಿಯ ಹಣಕಾಸು ಕಂಪನಿಗಳ ಬಾಗಿಲಿಗೆ ಹೋಗಿದ್ದಾರೆ. ಎ ಖಾತೆ ಕೈಸೇರಿದವರು ಸಾಲವನ್ನು ಬ್ಯಾಂಕಿಗೆ ವರ್ಗಾಯಿಸಲು ಅರ್ಜಿ ಹಾಕಬಹುದು. ಪರಿಶೀಲನಾ ಶುಲ್ಕ, ಹಕ್ಕುಪತ್ರ ಠೇವಣಿಯ ಮುದ್ರಾಂಕ ಶುಲ್ಕ ಮತ್ತೊಮ್ಮೆ ತಗಲುತ್ತದೆ. ಅರ್ಜಿಯಲ್ಲಿ ಅವಧಿ ಎಂಬ ಕಲಮು ಇರುತ್ತದೆ. ಅಲ್ಲಿ ಮಾರಾಟ ಪ್ರತಿನಿಧಿ ತಾನಾಗಿಯೇ 20 ವರ್ಷ ಎಂದು ಬರೆದಿರುತ್ತಾನೆ. ಹಳೆಯ ಸಾಲದಲ್ಲಿ 170 ತಿಂಗಳು ಉಳಿದಿದ್ದರೆ ಅದನ್ನು ಹೊಡೆದುಹಾಕಿ 170 ಎಂದೇ ಬರೆಸಬೇಕು.